ನಲ್ಲಿ ರಿಪೇರಿಗೆ ಎಷ್ಟು ಕೊಟ್ಟರೆ ನ್ಯಾಯ? ಎರಡು ಸಾವಿರ ವರ್ಷಗಳ ಚೌಕಾಸಿ

ಪ್ಲಂಬರ್ ಅನ್ನೋ ಪದವನ್ನು ನಾವೆಲ್ಲ ದಿನಾ ಬಳಸ್ತೀವಿ. ಅದರೊಳಗೆ ಒಂದು ಲೋಹ ಅಡಗಿ ಕೂತಿದೆ ಅನ್ನೋದು ನನಗೆ ಗೊತ್ತಾಗಿದ್ದು ತೀರಾ ಇತ್ತೀಚೆಗೆ. ಲ್ಯಾಟಿನ್‌ನಲ್ಲಿ 'ಪ್ಲಂಬಮ್' ಅಂದರೆ ಸೀಸ. ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಸೀಸಕ್ಕೆ 'ಪಿಬಿ' ಅಂತ ಯಾಕೆ ಬರೀತಾರೆ ಅಂತ ತಲೆ ಕೆರೆದುಕೊಂಡಿದ್ದು ನೆನಪಿದೆಯಾ? ಕಾರಣ ಇದೇ. ರೋಮಿನಲ್ಲಿ ಸೀಸದ ತಗಡನ್ನು ಸುತ್ತಿ, ಬೆಸೆದು ನೀರಿನ ಕೊಳವೆ ಮಾಡುತ್ತಿದ್ದವನನ್ನು 'ಪ್ಲಂಬಾರಿಯಸ್' ಅನ್ನುತ್ತಿದ್ದರು. ಇವತ್ತು ನಮ್ಮ ಪ್ಲಂಬರ್ ಬಿಳಿ ಪ್ಲಾಸ್ಟಿಕ್ ಪೈಪನ್ನು ಹೆಗಲ ಮೇಲೆ ಹೊತ್ತು ಸ್ಕೂಟರಿನಲ್ಲಿ ಬರ್ತಾನೆ. ಹೆಸರು ಮಾತ್ರ ಇನ್ನೂ ಸೀಸದ್ದೇ!

ಹೆಸರಿನ ಜೊತೆ ಇನ್ನೂ ಒಂದು ವಿಷಯ ಬದಲಾಗದೆ ಉಳಿದುಕೊಂಡು ಬಂದಿದೆ. ಅದು "ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೊಂದು ದುಡ್ಡಾ?" ಅನ್ನೋ ನಮ್ಮ ಪ್ರಶ್ನೆ. ಅದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ "ನಾನೇ ಮಾಡಿಕೊಂಡರೆ ಆಗಲ್ವಾ?" ಇವೆರಡೂ ಅಪಾರ್ಟ್‌ಮೆಂಟ್ ಕಾಲದ ಪ್ರಶ್ನೆಗಳು ಅಂತ ನಾನು ಅಂದುಕೊಂಡಿದ್ದೆ. ಹುಡುಕುತ್ತಾ ಹೋದರೆ ಕ್ರಿಸ್ತಪೂರ್ವಕ್ಕೆ ಹೋಗಿ ಮುಟ್ಟಿತು. ಓದಿದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕೋಣ ಅಂತ ಈ ಬರಹ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಕೂತ್ಕೊಳ್ಳಿ.

ಎಫಿಸಸ್ಸಿನ ಕಾಲು ಭಾಗ

ಮೊದಲು ವಿಟ್ರುವಿಯಸ್ ಅನ್ನುವ ರೋಮನ್ ಎಂಜಿನಿಯರ್ ಬಗ್ಗೆ ಹೇಳಬೇಕು. ಕ್ರಿಸ್ತಪೂರ್ವ ಒಂದನೇ ಶತಮಾನದವನು. ಕಟ್ಟಡ, ನೀರು, ಯಂತ್ರ ಎಲ್ಲದರ ಬಗ್ಗೆ ಹತ್ತು ಭಾಗಗಳ ಪುಸ್ತಕ ಬರೆದು ಚಕ್ರವರ್ತಿ ಅಗಸ್ಟಸ್‌ಗೆ ಅರ್ಪಿಸಿದ. ಹತ್ತನೇ ಭಾಗದ ಮುನ್ನುಡಿಯಲ್ಲಿ ಅವನು ಎಫಿಸಸ್ ನಗರದ (ಈಗಿನ ಟರ್ಕಿಯಲ್ಲಿದೆ) ಹಳೆಯ ಕಾನೂನೊಂದನ್ನು ವಿವರಿಸುತ್ತಾನೆ.

ಅಲ್ಲಿ ಸಾರ್ವಜನಿಕ ಕೆಲಸ ಒಪ್ಪಿಕೊಳ್ಳುವವನು ಇಷ್ಟು ಖರ್ಚಾಗುತ್ತೆ ಅಂತ ಮೊದಲೇ ಅಂದಾಜು ಪಟ್ಟಿ ಕೊಡಬೇಕು. ಪಟ್ಟಿ ಅಧಿಕಾರಿಯ ಕೈ ಸೇರಿದ ಮೇಲೆ, ಕೆಲಸ ಮುಗಿಯುವ ತನಕ ಅವನ ಆಸ್ತಿ ಒತ್ತೆ ಇರುತ್ತದೆ. ಹೇಳಿದ ಖರ್ಚಿನಲ್ಲೇ ಮುಗಿಸಿದರೆ ಸನ್ಮಾನ. ಅಂದಾಜಿಗಿಂತ ಕಾಲು ಭಾಗದವರೆಗೆ ಹೆಚ್ಚಾದರೆ ಊರೇ ಕೊಡುತ್ತದೆ, ದಂಡ ಇಲ್ಲ. ಕಾಲು ಭಾಗವನ್ನೂ ಮೀರಿತೋ, ಮೀರಿದ್ದು ಅವನ ಆಸ್ತಿಯಿಂದಲೇ ವಸೂಲಿ!

ವಿಟ್ರುವಿಯಸ್‌ಗೆ ಈ ಕಾನೂನು ಎಷ್ಟು ಹಿಡಿಸಿತ್ತೆಂದರೆ, ಇದು ರೋಮಿನಲ್ಲೂ ಇರಬೇಕಿತ್ತು, ಸರ್ಕಾರಿ ಕಟ್ಟಡಕ್ಕಷ್ಟೇ ಅಲ್ಲ, ಜನರ ಮನೆಗಳಿಗೂ ಅನ್ವಯಿಸಬೇಕಿತ್ತು ಅಂತ ಹಲುಬುತ್ತಾನೆ. ಹಾಗಿದ್ದರೆ ಮನೆ ಕಟ್ಟಿಸುವವರು ಮುಗಿಯದ ಖರ್ಚಿಗೆ ಸಿಕ್ಕಿ ಮುಳುಗುತ್ತಿರಲಿಲ್ಲವಂತೆ. ಬೆಂಗಳೂರಿನಲ್ಲಿ ಮೂವತ್ತು-ನಲವತ್ತು ಸೈಟಿನಲ್ಲಿ ಮನೆ ಕಟ್ಟಿಸಿದ ಯಾರಿಗಾದರೂ ಇದನ್ನು ಓದಿ ಹೇಳಿ ನೋಡಿ, ಕಣ್ಣಲ್ಲಿ ನೀರು ಬರುತ್ತೆ.

ನನಗೆ ಇಲ್ಲಿ ಇಷ್ಟವಾಗಿದ್ದು ಆ ಕಾಲು ಭಾಗ. ಅಂದಾಜು ಅಂದರೆ ಅಂದಾಜೇ, ಒಂದಿಷ್ಟು ಹೆಚ್ಚುಕಮ್ಮಿ ಆಗೇ ಆಗುತ್ತೆ ಅಂತ ಕಾನೂನೇ ಒಪ್ಪಿಕೊಂಡಿದೆ. ಅದೇ ಹೊತ್ತಿಗೆ ಅದಕ್ಕೊಂದು ಗೆರೆಯನ್ನೂ ಎಳೆದಿದೆ. ಸಾಫ್ಟ್‌ವೇರ್ ಪ್ರಾಜೆಕ್ಟುಗಳಿಗೆ ಎಫಿಸಸ್ಸಿನ ಕಾನೂನು ಬಂದರೆ ನಮ್ಮಲ್ಲಿ ಎಷ್ಟು ಜನರ ಆಸ್ತಿ ಉಳಿಯುತ್ತೋ ದೇವರೇ ಬಲ್ಲ :)

ಯಾರು ಬೇಕಾದರೂ ರಿಪೇರಿ ಮಾಡಬಹುದಾದ ಪೈಪು

ಇದೇ ವಿಟ್ರುವಿಯಸ್ ಎಂಟನೇ ಭಾಗದಲ್ಲಿ ನೀರು ಸಾಗಿಸುವ ಬಗ್ಗೆ ಬರೆಯುವಾಗ ಸೀಸದ ಕೊಳವೆಯನ್ನೂ ಸುಟ್ಟ ಮಣ್ಣಿನ ಕೊಳವೆಯನ್ನೂ ಹೋಲಿಸುತ್ತಾನೆ. ಮಣ್ಣಿನ ಕೊಳವೆಯೇ ಮೇಲು ಅನ್ನುವುದು ಅವನ ತೀರ್ಮಾನ. ಅದಕ್ಕೆ ಅವನು ಕೊಡುವ ಮೊದಲನೇ ಕಾರಣ ಏನು ಗೊತ್ತಾ? ಒಡೆದರೆ ಯಾರು ಬೇಕಾದರೂ ಸರಿಮಾಡಬಹುದು. ಆರೋಗ್ಯದ ಮಾತು ಬರುವುದು ಎರಡನೆಯದಾಗಿ.

ಆ ಎರಡನೇ ಕಾರಣವೂ ಮುಖ್ಯವೇ. ಸೀಸದಿಂದ ಬಿಳಿ ವಿಷ ಹುಟ್ಟುತ್ತದೆ, ಅದು ದೇಹಕ್ಕೆ ಕೆಟ್ಟದ್ದು ಅನ್ನುತ್ತಾನೆ. ಸಾಕ್ಷಿಗೆ ಅವನು ತೋರಿಸುವುದು ಸೀಸದ ಕೆಲಸಗಾರರನ್ನು. ಅವರ ಮೈಬಣ್ಣ ನೋಡಿ, ಬಿಳಿಚಿಕೊಂಡಿರುತ್ತದೆ, ಕರಗಿದ ಸೀಸದ ಹೊಗೆ ಅವರ ರಕ್ತದ ಶಕ್ತಿಯನ್ನು ಹೀರಿಬಿಡುತ್ತದೆ ಅಂತ ಬರೆಯುತ್ತಾನೆ. ಅಂದರೆ ಪ್ಲಂಬರ್ ಹೇಳುವ ದರದಲ್ಲಿ ಪೈಪು, ಬೆಸುಗೆ, ಸಮಯ ಅಲ್ಲದೆ ಅವನ ಮೈಯೂ ಸೇರಿದೆ ಅನ್ನೋದು ಎರಡು ಸಾವಿರ ವರ್ಷದ ಹಿಂದೆಯೇ ಕಣ್ಣಿಗೆ ಕಂಡಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯ ಹೊತ್ತಿಗೆ ಬೇಕಾಗುತ್ತೆ.

ಇನ್ನು 'ನಾನೇ ಮಾಡಿಕೊಳ್ತೀನಿ' ಅನ್ನುವವರಿಗೂ ವಿಟ್ರುವಿಯಸ್ ಬೆಂಬಲ ಇದೆ. ಆರನೇ ಭಾಗದ ಮುನ್ನುಡಿಯಲ್ಲಿ, ಓದಿ ತಿಳಿದುಕೊಂಡು ತಮ್ಮ ಮನೆಯನ್ನು ತಾವೇ ನಿಂತು ಕಟ್ಟಿಸಿಕೊಳ್ಳುವ ಯಜಮಾನರನ್ನು ಅವನು ಹೊಗಳುತ್ತಾನೆ. ಹೇಗೂ ಕೆಲಸ ಬಾರದವನ ಕೈಗೇ ದುಡ್ಡು ಹೋಗುವುದಾದರೆ, ತಮ್ಮ ಇಷ್ಟದಂತೆ ತಾವೇ ಖರ್ಚು ಮಾಡಿಕೊಳ್ಳಲಿ ಅನ್ನುವ ವಾದ. ಜೊತೆಗೆ ಒಂದು ಕುಟುಕು ಮಾತು: ಚಪ್ಪಲಿ ಹೊಲಿಯುವಂಥ ಸುಲಭದ ಕಸುಬನ್ನೂ ಯಾರೂ ಮನೆಯಲ್ಲಿ ತಾವೇ ಮಾಡಿಕೊಳ್ಳಲು ಹೋಗುವುದಿಲ್ಲ, ಕಟ್ಟಡದ ಕೆಲಸಕ್ಕೆ ಮಾತ್ರ ಕೈ ಹಾಕುತ್ತಾರೆ, ಯಾಕೆಂದರೆ ಆ ಕಸುಬಿನವರು ಅಂತ ಹೇಳಿಕೊಳ್ಳುವವರಿಗೆ ನಿಜವಾಗಿ ಕಸುಬು ಗೊತ್ತಿಲ್ಲ! ನಂಬಿಕೆ ಎಲ್ಲಿ ಮುರಿಯುತ್ತದೋ ಅಲ್ಲಿ ಜನ ಸ್ಪ್ಯಾನರ್ ಕೈಗೆ ತಗೋತಾರೆ ಅನ್ನೋದು ಇದರ ಸಾರ.

ಮಣ್ಣಿನ ಕೊಳವೆ ಅಂದಾಗ ನಮ್ಮ ಬಿಜಾಪುರ ನೆನಪಾಗದೆ ಇರುತ್ತಾ? ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಊರೊಳಕ್ಕೆ ನೀರು ಬರುತ್ತಿದ್ದದ್ದು ನೆಲದಡಿ ಹೂತು, ಸುತ್ತ ಗಾರೆ ಕಟ್ಟಿದ ಮಣ್ಣಿನ ಕೊಳವೆಗಳಲ್ಲಿ. ದಾರಿಯಲ್ಲಿ ಅಲ್ಲಲ್ಲಿ 'ಗಂಜ್' ಅನ್ನುವ ನೀರಿನ ಗೋಪುರಗಳು. ಕೊಳವೆಯ ಮೇಲಿನ ಒತ್ತಡ ಇಳಿಸುವುದು, ಕೆಸರು ತಳದಲ್ಲಿ ನಿಲ್ಲುವಂತೆ ಮಾಡುವುದು ಇವುಗಳ ಕೆಲಸ. ಕೆಲವು ಇವತ್ತಿಗೂ ನಿಂತಿವೆ. ಗೋಲಗುಂಬಜ್ ನೋಡಲು ಹೋದವರು ಇವುಗಳನ್ನೂ ನೋಡಿಕೊಂಡು ಬನ್ನಿ. ಎಲ್ಲಿ ನೀರು ಬಂದಿದೆ, ಎಲ್ಲಿಂದ ಮುಂದೆ ಬಂದಿಲ್ಲ ಅಂತ ಗೋಪುರದಿಂದ ಗೋಪುರಕ್ಕೆ ನೋಡುತ್ತಾ ಹೋದರೆ ತೊಂದರೆ ಎಲ್ಲಿದೆ ಅನ್ನೋದು ಸಿಕ್ಕಿಬಿಡುತ್ತದೆ. ನಾವು ಕೋಡಿನಲ್ಲಿ ಬಗ್ ಹುಡುಕುವುದೂ ಹೀಗೇ ಅಲ್ವಾ?

ರೋಮಿನ ನೀರುಗಳ್ಳರು

ಈಗ ನನ್ನ ಮೆಚ್ಚಿನ ಪಾತ್ರಕ್ಕೆ ಬರ್ತೀನಿ. ಹೆಸರು ಫ್ರಾಂಟಿನಸ್. ಕ್ರಿ.ಶ. 97ರಲ್ಲಿ ಚಕ್ರವರ್ತಿ ನರ್ವಾ ಇವನನ್ನು ರೋಮಿನ ಜಲ ಮಂಡಳಿಯ ಮುಖ್ಯಸ್ಥ ಮಾಡಿದ, ಅಂದರೆ ನಮ್ಮ ಲೆಕ್ಕದಲ್ಲಿ ಜಲಮಂಡಳಿ ಅಧ್ಯಕ್ಷ. ಸೇನಾಪತಿಯಾಗಿದ್ದವನು, ದೊಡ್ಡ ಮನುಷ್ಯ. ಸಹಿ ಹಾಕಿಕೊಂಡು ಆರಾಮಾಗಿ ಇರಬಹುದಿತ್ತು. ಇವನು ಮಾಡಿದ್ದೇ ಬೇರೆ. ಅಧಿಕಾರದಲ್ಲಿರುವವನು ಕೈಕೆಳಗಿನವರು ಹೇಳಿಕೊಟ್ಟಂತೆ ನಡೆಯುವುದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ ಅಂತ ಬರೆದು, ಇಡೀ ನೀರಿನ ವ್ಯವಸ್ಥೆಯನ್ನು ತಾನೇ ಕಲಿತ. ಕಲಿತದ್ದನ್ನು ಪುಸ್ತಕವಾಗಿಸಿದ. ಆ ಪುಸ್ತಕ ಇವತ್ತಿಗೂ ಉಳಿದಿದೆ.

ಕಲಿತ ಮೇಲೆ ಕಂಡದ್ದು ಮೋಸದ ರಾಶಿ. ಮನೆಗೆ ನೀರಿನ ಸಂಪರ್ಕ ಕೊಡುವಾಗ ಕಂಚಿನ ಒಂದು ಮೂತಿ ಹಾಕಬೇಕಿತ್ತು. ಕಂಚೇ ಯಾಕೆ ಅಂದರೆ ಸೀಸದ ಹಾಗೆ ಅದನ್ನು ಅಗಲ ಮಾಡಲು, ಬಗ್ಗಿಸಲು ಸುಲಭಕ್ಕೆ ಆಗದು. ಅದರ ಮೇಲೆ ಸರ್ಕಾರಿ ಮುದ್ರೆ ಬೇಕು. ಫ್ರಾಂಟಿನಸ್ ಹೋಗಿ ನೋಡಿದರೆ ಎಷ್ಟೋ ಕಡೆ ಮುದ್ರೆಯೇ ಇಲ್ಲ, ಕೊಟ್ಟ ಅಳತೆಗಿಂತ ದೊಡ್ಡ ಮೂತಿ. ಕೆಲವು ಕಡೆ ಮೂತಿ ಸರಿಯಾಗಿದ್ದರೂ ಅದರ ಹಿಂದೆಯೇ ದಪ್ಪ ಪೈಪು. ಒಬ್ಬರ ಹಕ್ಕು ಇನ್ನೊಬ್ಬರಿಗೆ ಹೋದಾಗ ತೊಟ್ಟಿಗೆ ಹೊಸ ತೂತು ಕೊರೆದು, ಹಳೆಯದನ್ನು ಮುಚ್ಚದೆ ಬಿಟ್ಟು, ಅದರ ನೀರನ್ನು ಕೆಲಸಗಾರರು ಮಾರಿಕೊಳ್ಳುತ್ತಿದ್ದರು. ರಸ್ತೆಯ ಕಲ್ಲುಹಾಸಿನ ಕೆಳಗೆ ಊರ ತುಂಬ ಗುಟ್ಟಿನ ಕೊಳವೆಗಳು. ಕಿತ್ತು ಹಾಕಿದಾಗ ಸಿಕ್ಕ ಸೀಸವೇ ಒಂದು ಲಾಭವಾಯಿತಂತೆ! ಕೆಲವು ಅಳತೆಗಳಲ್ಲಿ ಇನ್ನೂ ಸೂಕ್ಷ್ಮ ಕೈಚಳಕ: ನೀರು ತೆಗೆದುಕೊಳ್ಳುವ ಕೊಳವೆ ಸ್ವಲ್ಪ ದೊಡ್ಡದು, ಹಂಚುವ ಕೊಳವೆ ಸ್ವಲ್ಪ ಚಿಕ್ಕದು. ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಅನ್ನುವ ನಮ್ಮ ಹಳೇ ಶೆಟ್ಟರ ಕಥೆಯ ಹಾಗೆ.

ನೀರಿನ ಕೆಲಸಕ್ಕೆ 700 ಜನ ಗುಲಾಮರ ಎರಡು ತಂಡಗಳಿದ್ದವು. ಮೇಸ್ತ್ರಿಗಳು ಇವರನ್ನು ಬೇಕಾದವರ ಖಾಸಗಿ ಕೆಲಸಕ್ಕೆ ಕಳಿಸುತ್ತಿದ್ದರು. ಇದಕ್ಕೆ ಫ್ರಾಂಟಿನಸ್ ಕಂಡುಕೊಂಡ ಪರಿಹಾರ ಕೇಳಿದರೆ ನಗು ಬರುತ್ತೆ. ಯಾವ ತಂಡ ನಾಳೆ ಏನು ಮಾಡಬೇಕು ಅಂತ ಹಿಂದಿನ ದಿನವೇ ಬರೆದಿಡುವುದು, ಆ ದಿನ ಏನು ಮಾಡಿದರು ಅಂತ ದಾಖಲಿಸುವುದು. ಬೆಳಗಿನ ಸ್ಟ್ಯಾಂಡ್-ಅಪ್ ಮೀಟಿಂಗ್‌ನ ಮೂಲ ಪುರುಷ ಸಿಕ್ಕಿಬಿಟ್ಟ ಮಾರಾಯ್ರೇ!

ಮೈಸೂರಿನ ತಾಳೆಗರಿಯಲ್ಲಿ

ನಮ್ಮ ಕಡೆ ಇದರ ಬಗ್ಗೆ ಯಾರೂ ಯೋಚಿಸಿರಲಿಲ್ಲವಾ ಅಂದರೆ, ಖಂಡಿತ ಯೋಚಿಸಿದ್ದರು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಗ್ರಂಥ ತಂದುಕೊಟ್ಟರು. ಅಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವೂ ಬಂತು.

ಅದರ ನಾಲ್ಕನೇ ಅಧಿಕರಣ ಶುರುವಾಗುವುದೇ ಕುಶಲಕರ್ಮಿಗಳಿಂದ. ಕೆಲಸ ಒಪ್ಪಿಕೊಂಡವರು ಯಾವ ಜಾಗದಲ್ಲಿ, ಎಷ್ಟು ಕಾಲದಲ್ಲಿ, ಯಾವ ರೀತಿಯಲ್ಲಿ ಅನ್ನೋದನ್ನು ಮೊದಲೇ ಮಾತಾಡಿಕೊಂಡು, ಅದರಂತೆ ಮಾಡಬೇಕು. ಅವಧಿ ಮೀರಿಸಿದರೆ ಕೂಲಿಯಲ್ಲಿ ಕಾಲು ಭಾಗ ಕಡಿತ, ಮೇಲೆ ಕೂಲಿಯ ಎರಡರಷ್ಟು ದಂಡ. ಇಲ್ಲೂ ಕಾಲು ಭಾಗವೇ ಬಂತು ನೋಡಿ! ಹೇಳಿದ್ದನ್ನು ಬಿಟ್ಟು ಬೇರೇನೋ ಮಾಡಿಟ್ಟರೆ ಕೂಲಿಯೇ ಇಲ್ಲ, ದಂಡ ಬೇರೆ. ಪ್ರಕರಣದ ಕೊನೆಯಲ್ಲಂತೂ ಕೌಟಿಲ್ಯ ವ್ಯಾಪಾರಿಗಳು, ಕುಶಲಕರ್ಮಿಗಳು, ನಟರು ಎಲ್ಲರನ್ನೂ ಒಟ್ಟಿಗೆ ಸೇರಿಸಿ, ಹೆಸರಿಗೆ ಕಳ್ಳರಲ್ಲದ ಕಳ್ಳರು ಅಂತ ಬೈದುಬಿಡುತ್ತಾನೆ.

ಇಷ್ಟೇ ಓದಿ ನಿಲ್ಲಿಸಿದರೆ ಅನ್ಯಾಯ. ಕೂಲಿ ಕೊಡದ ಯಜಮಾನನಿಗೂ ಅದೇ ಗ್ರಂಥದಲ್ಲಿ ದಂಡ ಇದೆ. ಕುಶಲಕರ್ಮಿಗಳ ಕೆಲಸದ ಗುಣಮಟ್ಟ ಇಳಿಸಲು, ಅವರ ಸಂಪಾದನೆಗೆ ಅಡ್ಡಿ ಮಾಡಲು ಕೂಡಿ ಸಂಚು ಮಾಡುವವರಿಗೆ ಸಾವಿರ ಪಣ ದಂಡ. ಮೌರ್ಯರ ಕಾಲದ ಗ್ರೀಕ್ ರಾಯಭಾರಿ ಮೆಗಾಸ್ತನೀಸ್ ಹೇಳಿದ್ದಾಗಿ ಉಳಿದು ಬಂದಿರುವ ಇನ್ನೊಂದು ಮಾತು: ಈ ದೇಶದಲ್ಲಿ ಕುಶಲಕರ್ಮಿಯ ಕೈಯನ್ನೋ ಕಣ್ಣನ್ನೋ ಕಳೆದವನಿಗೆ ಮರಣದಂಡನೆ. ಕೈ ಮತ್ತು ಕಣ್ಣು, ಅಷ್ಟೇ ತಾನೇ ಅವನ ಬಂಡವಾಳ?

ಲಂಡನ್ನಿನ ದರಪಟ್ಟಿ, ರಾಣಿಯ ಧರ್ಮಪುತ್ರನ ಕಕ್ಕಸು

1365ರಲ್ಲಿ ಲಂಡನ್ನಿನ ಪ್ಲಂಬರುಗಳ ಸಂಘ ತಮ್ಮ ನಿಯಮಾವಳಿಗೆ ಮೇಯರ್ ಒಪ್ಪಿಗೆ ಪಡೆಯಿತು. ಕೆಲಸ ಸರಿಯಾಗಿ ಬಾರದವನು ಈ ಕಸುಬಿಗೆ ಬರಬಾರದು. ಒಬ್ಬ ಹಿಡಿದ ಕೆಲಸವನ್ನು ಇನ್ನೊಬ್ಬ ಕಿತ್ತುಕೊಳ್ಳಬಾರದು. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಹಳೇ ಸೀಸ ಕೊಳ್ಳಬಾರದು (ಚಾವಣಿಯಿಂದ ಕದ್ದು ತರುತ್ತಿದ್ದರು, ಇನ್ನೇನು). ಅದರಲ್ಲೇ ದರಪಟ್ಟಿಯೂ ಇದೆ. ಚಾವಣಿ, ದೋಣಿಗಳಿಗೆ ಆಗಿನ ಒಂದು ತೂಕದ ಅಳತೆ ಸೀಸಕ್ಕೆ ಅರ್ಧ ಪೆನ್ನಿ ಕೂಲಿ, ನೀರಿನ ಕೊಳವೆಯಾದರೆ ಒಂದು ಪೆನ್ನಿ. ಕರಗಿಸುವಾಗ ಹಾಳಾಗುವ ಸೀಸಕ್ಕೆ ಇಷ್ಟು ಅಂತ ಸೋಡಿಯನ್ನೂ ಬರೆದಿಟ್ಟಿದ್ದಾರೆ. ಕೊಳವೆಗೆ ಎರಡರಷ್ಟು ಯಾಕೆ ಅಂದರೆ ಅದರಲ್ಲಿ ಬೆಸುಗೆಯ ಕಷ್ಟ ಹೆಚ್ಚು, ಸೋರಿದರೆ ಮಾನ ಹೋಗುತ್ತೆ. ಇದೇ ಸಂಘಕ್ಕೆ 1611ರಲ್ಲಿ ರಾಜ ಜೇಮ್ಸ್ ಸನ್ನದು ಕೊಟ್ಟ.

ದರಪಟ್ಟಿ ಬರೆದವರು ಪ್ಲಂಬರುಗಳೇ ಅನ್ನೋದನ್ನು ಗಮನಿಸಿ. ಗಿರಾಕಿಯ ಕಡೆಯಿಂದ ಲೆಕ್ಕ ಬರೆದವನು ಇನ್ನೂರು ಚಿಲ್ಲರೆ ವರ್ಷದ ನಂತರ ಬಂದ. ಅವನು ಸರ್ ಜಾನ್ ಹ್ಯಾರಿಂಗ್ಟನ್, ರಾಣಿ ಒಂದನೇ ಎಲಿಜಬೆತ್‌ಳ ಧರ್ಮಪುತ್ರ, ಕವಿ, ಕೀಟಲೆ ಮನುಷ್ಯ. ನೀರು ಬಿಟ್ಟು ತೊಳೆಯುವ ಕಕ್ಕಸನ್ನು ರೂಪಿಸಿ 1596ರಲ್ಲಿ ಅದರ ಬಗ್ಗೆ ತಮಾಷೆಯ ಪುಸ್ತಕ ಬರೆದ. ತಮಾಷೆಯ ನಡುವೆ ಒಂದು ಅಪ್ಪಟ ಎಂಜಿನಿಯರಿಂಗ್ ಪುಟ ಇದೆ. ಚಿತ್ರ, ಅಳತೆ, ಪ್ರತಿ ಭಾಗಕ್ಕೂ ಅಕ್ಷರದ ಗುರುತು, ಪಕ್ಕದಲ್ಲಿ ಬೆಲೆ. ತೊಟ್ಟಿಗೆ 6 ಶಿಲಿಂಗ್ 8 ಪೆನ್ಸ್, ತೊಟ್ಟಿಯಿಂದ ಬರುವ ಕೊಳವೆಗೆ 3 ಶಿಲಿಂಗ್ 6 ಪೆನ್ಸ್, ಹೆಚ್ಚುವರಿ ನೀರು ಹೋಗುವ ಕೊಳವೆಗೆ 1 ಶಿಲಿಂಗ್, ಬಿರಡೆಯ ಕೋಲು ಮತ್ತು ಕೀಲಿಗೆ 1 ಶಿಲಿಂಗ್ 6 ಪೆನ್ಸ್, ಕಲ್ಲಿನ ಬೋಗುಣಿಗೆ 8 ಶಿಲಿಂಗ್, ಹಿತ್ತಾಳೆಯ ದೊಡ್ಡ ತೂಬಿಗೆ 10 ಶಿಲಿಂಗ್. ಕೂಡಿಸಿ ನೋಡಿ, 30 ಶಿಲಿಂಗ್ 8 ಪೆನ್ಸ್. ಆಗ 12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್. ಅಂದರೆ ಒಟ್ಟು ಒಂದೂವರೆ ಪೌಂಡ್ ಚಿಲ್ಲರೆ. ಅದರ ಕೆಳಗೇ ಒಂದು ಟಿಪ್ಪಣಿ: ಇಂಥದ್ದೇ ಕೆಲಸಕ್ಕೆ ಒಬ್ಬ ಗಾರೆಯವನಿಗೆ 30 ಪೌಂಡ್ ಕೊಡಲು ಮುಂದೆ ಬಂದಿದ್ದರು!

ಸುಮಾರು ಇಪ್ಪತ್ತು ಪಟ್ಟು. ಕಟ್ಟಿಸುವವನಿಗೆ ಎಷ್ಟು ಆಗಬಹುದು ಅಂತ ಅಂದಾಜು ಸಿಗಲಿ ಅಂತಲೇ ಈ ಬೆಲೆಗಳನ್ನು ಕೊಟ್ಟಿದ್ದೇನೆ ಅಂತ ಪುಸ್ತಕ ಹೇಳುತ್ತದೆ. ನನಗೆ ಇದು ಕಕ್ಕಸಿಗಿಂತ ದೊಡ್ಡ ಆವಿಷ್ಕಾರ ಅನ್ನಿಸ್ತು. ಬಿಡಿಭಾಗಗಳ ಪಟ್ಟಿ ಗಿರಾಕಿಯ ಕೈಯಲ್ಲಿದ್ದರೆ ಚೌಕಾಸಿಯ ಆಟವೇ ಬದಲಾಗುತ್ತದೆ.

ಮೂರು ಪ್ಲಂಬರು, ಮೂರು ರೋಗ

ನಮ್ಮ ಬಾಡಿಗೆ ಮನೆಯ ಸಿಂಕಿನ ಕೆಳಗೆ ನೀರು ಜಿನುಗುತ್ತಿತ್ತು. ಮೊದಲು ಬಂದವರು ನೋಡಿ, "ಸ್ಪಿಂಡಲ್ ಹತ್ರ ಲೀಕು ಸಾರ್, ಮುನ್ನೂರು ಕೊಡಿ" ಅಂದರು. ಎರಡನೆಯವರು "ಆಂಗಲ್ ಕಾಕೇ ಹೋಗಿದೆ, ಸಾವಿರದ ನಾನೂರು" ಅಂದರು. ಮೂರನೆಯವರು ಗೋಡೆ ತಟ್ಟಿ, "ಒಳಗಿನ ಪೈಪು ಸಾರ್, ಟೈಲ್ಸ್ ಒಡೀಬೇಕು, ಏಳೂವರೆ ಸಾವಿರ" ಅಂದರು. "ಅಲ್ಲಣ್ಣ, ಗೋಡೆ ಒಣಗಿದೆಯಲ್ಲ?" ಅಂದೆ. "ಒಳಗೆ ಇರುತ್ತೆ ಸಾರ್, ಕಾಣಲ್ಲ" ಅಂತ ಉತ್ತರ ಬಂತು.

ಮೂವರೂ ಹೇಳಿದ್ದು ಒಂದೇ ಕೆಲಸಕ್ಕೆ ಮೂರು ದರ ಅಲ್ಲ, ಮೂರು ಬೇರೆ ಬೇರೆ ರೋಗ. ಡಾರ್ಬಿ ಮತ್ತು ಕಾರ್ನಿ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 1973ರಲ್ಲಿ ಇದನ್ನೇ ಇಟ್ಟುಕೊಂಡು ಒಂದು ಪ್ರಬಂಧ ಬರೆದಿದ್ದಾರೆ. ತರಕಾರಿ ಆದರೆ ಕೊಳ್ಳುವ ಮೊದಲೇ ನೋಡಬಹುದು. ಹೋಟೆಲಿನ ದೋಸೆ ತಿಂದ ಮೇಲೆ ಗೊತ್ತಾಗುತ್ತೆ. ರಿಪೇರಿ ಹಾಗಲ್ಲ, ದುಡ್ಡು ಕೊಟ್ಟು ಸರಿಯಾದ ಮೇಲೂ ಅಷ್ಟೆಲ್ಲ ಮಾಡಬೇಕಿತ್ತಾ ಅನ್ನೋದು ನಮಗೆ ತಿಳಿಯುವುದೇ ಇಲ್ಲ. ರೋಗ ಹೇಳುವವನೂ ಮದ್ದು ಮಾರುವವನೂ ಒಬ್ಬನೇ ಆದಾಗ ಆಗುವ ಫಜೀತಿ ಇದು.

ನಾನು ಮಾಡಿದ್ದು ಬಿಜಾಪುರದ ಗಂಜ್ ವಿದ್ಯೆ. ಎಲ್ಲ ಒರೆಸಿ ಒಣಗಿಸಿ, ಪ್ರತಿ ಜಾಯಿಂಟಿಗೂ ಟಿಶ್ಯೂ ಕಾಗದ ಸುತ್ತಿ ಹತ್ತು ನಿಮಿಷ ಬಿಟ್ಟೆ. ಒದ್ದೆಯಾಗಿದ್ದು ಸ್ಪಿಂಡಲ್ ಹತ್ತಿರದ್ದು ಮಾತ್ರ. ಅದರ ಸುತ್ತಲಿನ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದೆ, ನಿಂತಿತು. ಮೊದಲನೆಯವರು ಸತ್ಯ ಹೇಳಿದ್ದರು ಅಂತಾಯ್ತು. ಆಮೇಲೆ ಫ್ಲಶ್ ಟ್ಯಾಂಕು ಕೆಟ್ಟಾಗ ಅವರನ್ನೇ ಕರೆದೆ, ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟೆ.

ಬಾವಿ ಹೋಯ್ತು, ನಲ್ಲಿ ಬಂತು

ನಮ್ಮ ಅಜ್ಜಿ ಮನೆಯಲ್ಲಿ ಪ್ಲಂಬರ್ ಅನ್ನೋ ಪದವೇ ಇರಲಿಲ್ಲ. ಬಾವಿ, ರಾಟೆ, ಹಗ್ಗ, ಕೊಡಪಾನ. ರಾಟೆ ಕಿರುಗುಟ್ಟಿದರೆ ಎಣ್ಣೆ, ಹಗ್ಗ ಸವೆದರೆ ಹೊಸ ಹಗ್ಗ. ಬೆಂಗಳೂರೂ ಬಹುಕಾಲ ಕೆರೆ, ಕಲ್ಯಾಣಿ, ಬಾವಿಗಳ ಊರೇ ಆಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1890ರ ದಶಕದಲ್ಲಿ, ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1964ರಲ್ಲಿ ಜಲಮಂಡಳಿ, 1974ರಲ್ಲಿ ಕಾವೇರಿ ಮೊದಲ ಹಂತ. ನೀರು ಮನೆಯೊಳಗೆ ಬಂದಷ್ಟೂ ಅದರ ರಿಪೇರಿ ನಮ್ಮ ಕೈಯಿಂದ ಹೊರಗೆ ಹೋಯಿತು.

ಅದಕ್ಕೆ ಒಂದು ಕಾರಣ ಕಬ್ಬಿಣದ ಜಿಐ ಪೈಪು. ಅದನ್ನು ಕತ್ತರಿಸಿ ಮರೆ ಕೊರೆಯಲು ವೈಸು, ಡೈ, ರಟ್ಟೆಬಲ ಎಲ್ಲ ಬೇಕು. ಆ ಮರೆಯದ್ದೇ ಒಂದು ಕಥೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ತಿರುಪುಗಳಿಗೆ ಒಂದೇ ಅಳತೆ ಇರಲಿ ಅಂತ ಹೇಳುವ ತನಕ ಒಂದೊಂದು ಕಾರ್ಖಾನೆಗೆ ಒಂದೊಂದು ಮರೆ. ನಮ್ಮ ಅರ್ಧ ಇಂಚಿನ ನಲ್ಲಿಯ ಮರೆ ಇವತ್ತಿಗೂ ಅದೇ ವಂಶದ್ದು, ಇಂಚಿಗೆ 14 ಸುತ್ತು, 55 ಡಿಗ್ರಿ ಕೋನ. ಅಮೆರಿಕಾದ ಅರ್ಧ ಇಂಚಿನದಕ್ಕೂ 14 ಸುತ್ತೇ, ಆದರೆ ಕೋನ 60 ಡಿಗ್ರಿ. ಅಲ್ಲಿಂದ ಚಂದದ ನಲ್ಲಿ ತರುವ ಗೆಳೆಯರೇ, ಹುಷಾರು! ಅಂದ ಹಾಗೆ ಅರ್ಧ ಇಂಚಿನ ಪೈಪಿನ ಹೊರ ಅಳತೆ ಸುಮಾರು 21 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚಿಗೂ ಮೇಲೆ. ಹೆಸರು ಒಂದು, ಅಳತೆ ಇನ್ನೊಂದು. ಫ್ರಾಂಟಿನಸ್ ಇದ್ದಿದ್ದರೆ ಸಿಟ್ಟಾಗುತ್ತಿದ್ದ.

ಆಮೇಲೆ ಪ್ಲಾಸ್ಟಿಕ್ ಪೈಪು ಬಂತು. ಗರಗಸದಲ್ಲಿ ಕುಯ್ದು, ಸಾಲ್ವೆಂಟ್ ಹಚ್ಚಿ, ಒತ್ತಿ ಹಿಡಿದರೆ ಮುಗೀತು. ವಿಟ್ರುವಿಯಸ್ ಹೇಳಿದ 'ಯಾರು ಬೇಕಾದರೂ ಸರಿಮಾಡಬಹುದಾದ' ಪೈಪು ಹೀಗೆ ವಾಪಸ್ ಬಂತು. ಆದರೂ ನಾವು ಕೈ ಹಾಕುವುದಿಲ್ಲ. ಯಾಕೆ?

ಕೈ ಹಾಕದಿರುವುದರ ಇತಿಹಾಸ

ಸಮಯ ಇಲ್ಲ, ಸ್ಪ್ಯಾನರ್ ಇಲ್ಲ ಅನ್ನೋದು ಅರ್ಧ ಸತ್ಯ. ಇನ್ನರ್ಧ ಜಾತಿ. ಸಿಂಕಿನ ನಲ್ಲಿ ಬಿಚ್ಚಲು ಒಪ್ಪುವ ನಾನು ಕಕ್ಕಸಿನ ಪೈಪು ಕಟ್ಟಿಕೊಂಡರೆ ಫೋನ್ ಕೈಗೆತ್ತಿಕೊಳ್ತೀನಿ. ಎರಡೂ ಪೈಪೇ, ಎರಡರಲ್ಲೂ ನೀರೇ. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಪೊರಕೆ ಹಿಡಿದು ಕಕ್ಕಸು ತೊಳೆದಾಗ ಉಳಿದ ಪ್ರತಿನಿಧಿಗಳಿಗೆ ಅದು ವಿಚಿತ್ರವಾಗಿ ಕಂಡಿತು. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರಂಥ ಮಂತ್ರಿ ಪಟ್ಟು ಹಿಡಿಯಬೇಕಾಯಿತು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾಗಿ 2013ರಲ್ಲಿ. ಇಷ್ಟಾದರೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ನಿಂತಿಲ್ಲ. ವಿಟ್ರುವಿಯಸ್ ಕಂಡ ಬಿಳಿಚಿದ ಮುಖಗಳು ಬೇರೆ ರೂಪದಲ್ಲಿ ಇನ್ನೂ ಇವೆ. ಇಂಥ ಕೆಲಸಕ್ಕೆ ಕರೆದಾಗ ನೂರು ರೂಪಾಯಿಗೆ ಚೌಕಾಸಿ ಮಾಡಿ ಗೆದ್ದೆ ಅಂದುಕೊಂಡರೆ, ಅಲ್ಲಿ ಯಾರು ಯಾರಿಗೆ ಮೋಸ ಮಾಡಿದ ಹಾಗಾಯಿತು?

ಹಾಗಾಗಿ ನ್ಯಾಯದ ದರ ಅನ್ನೋದಕ್ಕೆ ಎರಡು ಮುಖ. ನಾವು ಟೋಪಿ ಹಾಕಿಸಿಕೊಳ್ಳಬಾರದು, ಹಾಕಲೂಬಾರದು. ಹಳಬರಿಂದ ನಾನು ಆರಿಸಿಕೊಂಡ ಸೂತ್ರಗಳು ಇವು:

1. ಫ್ರಾಂಟಿನಸ್ ಸೂತ್ರ: ಕರೆಯುವ ಮೊದಲು ಅರ್ಧ ಗಂಟೆ ನೀವೇ ನೋಡಿ. ಎಲ್ಲಿ ಸೋರುತ್ತಿದೆ, ಯಾವ ವಾಲ್ವ್ ಮುಚ್ಚಿದರೆ ನಿಲ್ಲುತ್ತದೆ ಅಂತ ತಿಳಿದುಕೊಳ್ಳಿ.

2. ಹ್ಯಾರಿಂಗ್ಟನ್ ಸೂತ್ರ: ಸಾಮಾನಿಗೆ ಎಷ್ಟು, ಕೂಲಿಗೆ ಎಷ್ಟು ಅಂತ ಬಿಡಿಸಿ ಕೇಳಿ. ಸಾಮಾನಿನ ಬೆಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿ.

3. ಕೌಟಿಲ್ಯ ಸೂತ್ರ: ಯಾವಾಗ, ಎಲ್ಲಿ, ಹೇಗೆ ಅನ್ನೋದು ಮೊದಲೇ ಮಾತಾಗಲಿ. ಟೈಲ್ಸ್ ಒಡೆದರೆ ಮತ್ತೆ ಹಾಕುವವರು ಯಾರು ಅನ್ನೋದೂ ಸೇರಿ. ಕೆಲಸ ಮುಗಿದ ದಿನವೇ ದುಡ್ಡು ಕೊಡಿ.

4. ಎಫಿಸಸ್ ಸೂತ್ರ: ಹೇಳಿದ್ದಕ್ಕಿಂತ ಕಾಲು ಭಾಗದವರೆಗೆ ಹೆಚ್ಚಾದರೆ ಮುಖ ಗಂಟಿಕ್ಕಬೇಡಿ. ಅದನ್ನು ಮೀರುವುದಾದರೆ ಕೆಲಸ ನಿಲ್ಲಿಸಿ ಮೊದಲು ಹೇಳಿ ಅಂತ ಮಾತು ತಗೊಳ್ಳಿ.

5. ವಿಟ್ರುವಿಯಸ್ ಸೂತ್ರ: ಕಣ್ಣಿಗೆ ಕಾಣುವ, ವಾಲ್ವ್ ಮುಚ್ಚಿದರೆ ನಿಲ್ಲುವ ಕೆಲಸ ನೀವೇ ಮಾಡಿ. ವಾಷರ್, ಟೆಫ್ಲಾನ್ ಟೇಪು, ಫ್ಲಶ್ ಟ್ಯಾಂಕಿನ ಫ್ಲೋಟು ಇಂಥವು. ಗೋಡೆಯೊಳಗಿನದು, ಗೀಸರಿನದು, ಗ್ಯಾಸಿನದು ಬಲ್ಲವರಿಗೇ ಬಿಡಿ. ಮ್ಯಾನ್‌ಹೋಲಿಗೆ ಮಾತ್ರ ಯಂತ್ರವೇ ಬರಲಿ, ಮನುಷ್ಯನನ್ನು ಇಳಿಸಬೇಡಿ.

ಇಷ್ಟು ನನ್ನ ಹರಟೆ. ನಿಮ್ಮ ಊರಲ್ಲಿ ಹೇಗೆ? ಅಮೆರಿಕಾದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಂತೂ ಮನೆ ನಿಮ್ಮದೇ ಆದರೂ ಪ್ಲಂಬಿಂಗ್ ಕೆಲಸಕ್ಕೆ ಲೈಸೆನ್ಸ್ ಇದ್ದವರೇ ಬೇಕು. ಅಲ್ಲಿರುವ ಗೆಳೆಯರು ಒಂದು ನಲ್ಲಿ ಬದಲಾಯಿಸಲು ಎಷ್ಟು ತೆತ್ತಿರಿ ಅಂತ ಹೇಳಿ. ಬಿಜಾಪುರದವರು ಯಾರಾದರೂ ಗಂಜ್‌ಗಳ ಫೋಟೋ ಹಾಕಿದರೆ ಇನ್ನೂ ಖುಷಿ.